ಅಧಿಕವರ್ಷ ನಿರ್ಣಯಸಿಂಧು

ಚಾಂದ್ರಮಾನ ವರ್ಷ ಸೌರಮಾನ ವರ್ಷಕ್ಕಿಂತ ಸುಮಾರು 11 ದಿನ ಚಿಕ್ಕದು. ಈ ಬಾಕಿ ಬೆಳೆದು ಒಂದು ತಿಂಗಳಷ್ಟಾಗುವ ಹೊತ್ತಿಗೆ ಪಂಚಾಂಗಕರ್ತರು ಒಂದು ಅಧಿಕ ಮಾಸ ಸೇರಿಸಿ ಲೆಕ್ಕ ಚುಕ್ತಾ ಮಾಡುತ್ತಾರೆ. ಆ ತಿಂಗಳಲ್ಲಿ ಮದುವೆ ಮುಂಜಿ ನಡೆಯುವುದಿಲ್ಲ, ಗೃಹಪ್ರವೇಶಕ್ಕೆ ಮುಹೂರ್ತ ಸಿಗುವುದಿಲ್ಲ. ದಾನಕ್ಕೆ ಮಾತ್ರ ವಿಶೇಷ ಫಲ. ಕಂಪ್ಯೂಟರ್ ವಿದ್ಯೆಯಲ್ಲೂ ಇಂಥದೇ ಪದ್ಧತಿ ಬೆಳೆದುಬಂದಿದೆ. ಪಠ್ಯಕ್ರಮಕ್ಕೂ ಕಂಪನಿಗಳ ಬೇಡಿಕೆಗೂ ತಾಳೆಯಾಗದೆ ಉಳಿದ ಬಾಕಿಯನ್ನು ತೀರಿಸಲು ವಿದ್ಯಾರ್ಥಿಯ ಆಯುಷ್ಯಕ್ಕೆ ಒಂದು ಅಧಿಕ ವರ್ಷ ಸೇರಿಸಲಾಗುತ್ತದೆ. ಆನರ್ಸ್ ಎಂಬ ನಾಲ್ಕನೆಯ ವರ್ಷ, ಎಂಸಿಎ, ಎಂಟೆಕ್, ಡಾಲರ್ ದೇಶದ ಎಂಎಸ್, ಮಾರತ್ತಹಳ್ಳಿಯ ಫುಲ್ ಸ್ಟ್ಯಾಕ್ ಕೋರ್ಸು, ಎಲ್ಲವೂ ಇದರ ರೂಪಭೇದಗಳೇ. ಈ ಅವಧಿಯಲ್ಲೂ ಮದುವೆಯಿಲ್ಲ, ಮನೆ ಕಟ್ಟುವ ಮಾತಿಲ್ಲ. ದಾನವುಂಟು, ಅದನ್ನು ಕಾಲೇಜಿನ ಫೀ ಕೌಂಟರಿನಲ್ಲಿ ರಸೀದಿ ಸಹಿತ ಸ್ವೀಕರಿಸುತ್ತಾರೆ.

ಅಧಿಕ ಮಾಸದಲ್ಲಿ ಏನು ಮಾಡಬಹುದು, ಏನು ಕೂಡದು ಎಂದು ತೀರ್ಪು ಕೊಡಲು ಕಮಲಾಕರ ಭಟ್ಟರ ನಿರ್ಣಯಸಿಂಧು 17ನೆಯ ಶತಮಾನದಿಂದ ಇದೆ. ಅಧಿಕ ವರ್ಷಕ್ಕೆ ಅಂಥ ಗ್ರಂಥವಿಲ್ಲದೆ ತಂದೆತಾಯಂದಿರು ಪಕ್ಕದ ಮನೆಯ ಅಂಕಲ್ಲನ್ನೇ ಪ್ರಮಾಣವೆಂದು ನಂಬಬೇಕಾಗಿ ಬಂದಿದೆ. ಆ ಕೊರತೆ ನೀಗಿಸಲು ಈ ಕಿರುಪ್ರಬಂಧ. ಮೀಮಾಂಸಕರ ಕ್ರಮದಂತೆ ವಿಷಯ, ಸಂಶಯ, ಪೂರ್ವಪಕ್ಷ, ಉತ್ತರಪಕ್ಷ, ನಿರ್ಣಯ ಎಂಬ ಐದು ಮೆಟ್ಟಿಲು ಹತ್ತಬೇಕು. ಐದನೆಯದನ್ನು ಮುಟ್ಟುವಷ್ಟರಲ್ಲಿ ಸಿಲಬಸ್ ಬದಲಾದರೆ ಪ್ರಬಂಧಕಾರರು ಹೊಣೆಯಲ್ಲ.

ಮೊದಲು ವಿಷಯ. ಇತಿಹಾಸಕಾರರಿಗೆ ಸಿಗುವ ಆದಿಮ ಅಧಿಕ ವರ್ಷ ಇಂಗ್ಲೆಂಡಿನದು. ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ಎಡ್ಸಾಕ್ ಯಂತ್ರ 1949ರಲ್ಲಿ ಓಡತೊಡಗಿತು. 1953ರಲ್ಲಿ ಅಲ್ಲಿಯೇ ಪದವೀಧರರಿಗೆಂದು ಒಂದು ವರ್ಷದ ಡಿಪ್ಲೊಮಾ ಶುರುವಾಯಿತು. ಕಂಪ್ಯೂಟರ್ ವಿದ್ಯೆಯನ್ನು ತರಗತಿಯಲ್ಲಿ ಕೂರಿಸಿ ಕಲಿಸಿದ ಜಗತ್ತಿನ ಮೊದಲ ಕೋರ್ಸೆಂಬ ಹೆಸರು ಅದಕ್ಕಿದೆ. ಇದರಿಂದ ಕೆಲಸ ಸಿಗುತ್ತದೆಯೇ ಎಂದು ಆಗ ಯಾರೂ ಕೇಳಬೇಕಾಗಿರಲಿಲ್ಲ, ಆ ವಿದ್ಯೆ ಬಲ್ಲವರು ಸಿಗುವುದೇ ಅಪರೂಪವಾಗಿತ್ತು. ಅರ್ಧ ಶತಮಾನ ದಾಟಿದ ಮೇಲೆ, ಅದೇ ವಿದ್ಯೆ ಊರೂರಲ್ಲೂ ಸಿಗುವಂತಾದಾಗ, ಆ ಡಿಪ್ಲೊಮಾ ಸದ್ದಿಲ್ಲದೆ ನಿಂತಿತು.

ನಮ್ಮ ದೇಶದಲ್ಲೂ ಕಥೆ ಹೀಗೆಯೇ. ಇನ್ಫೋಸಿಸ್ ಸಹಸ್ಥಾಪಕ ಎನ್.ಆರ್. ನಾರಾಯಣ ಮೂರ್ತಿ ಮೈಸೂರಿನ ಎನ್‌ಐಇಯಲ್ಲಿ 1967ರಲ್ಲಿ ಬಿಇ ಮುಗಿಸಿ, ಐಐಟಿ ಕಾನ್ಪುರದಲ್ಲಿ 1969ರಲ್ಲಿ ಎಂಟೆಕ್ ಪಡೆದರು. ಆ ಎರಡು ಅಧಿಕ ವರ್ಷ ಅವರಿಗೆ ಕೊಟ್ಟದ್ದು ಪದವಿಗಿಂತ ಹೆಚ್ಚಾಗಿ ಯಂತ್ರದ ಸಾಮೀಪ್ಯ. ಕಾನ್ಪುರಕ್ಕೆ ಐಬಿಎಂ 1620 ಬಂದದ್ದು 1963ರಲ್ಲಿ. ಕಂಪ್ಯೂಟರನ್ನು ಕೈಯಿಂದ ಮುಟ್ಟಿ ಕಲಿಯಬಹುದಾದ ಜಾಗ ಇಡೀ ದೇಶದಲ್ಲಿ ಆಗ ಬೆರಳೆಣಿಕೆಯಷ್ಟು. ಅಲ್ಲಿಂದ ಅವರು ನೇರ ಅಹಮದಾಬಾದಿನ ಐಐಎಂನ ಕಂಪ್ಯೂಟರ್ ಕೋಣೆಗೆ ಹೋದರು. ಅದೇ ಕಾನ್ಪುರದಲ್ಲಿ ಪಾಠ ಹೇಳಿ, ಆಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದ ವಿ. ರಾಜಾರಾಮನ್ ಅವರ ನೇತೃತ್ವದ ಸಮಿತಿ ಕೊಟ್ಟ ಸಲಹೆಯಿಂದ 1980ರ ದಶಕದಲ್ಲಿ ಎಂಸಿಎ ಹುಟ್ಟಿತು. ಬೇರೆ ವಿಷಯದಲ್ಲಿ ಡಿಗ್ರಿ ಮಾಡಿದವರನ್ನು ಮೂರು ವರ್ಷದಲ್ಲಿ ಪ್ರೋಗ್ರಾಮರ್ ಮಾಡುವುದು ಅದರ ಉದ್ದೇಶ. ಇಲ್ಲಿಗೆ ವಿಷಯ ಸ್ಪಷ್ಟ. ಆರಂಭದ ಅಧಿಕ ವರ್ಷಗಳು, ಇಲ್ಲದ ವಿದ್ಯೆಯನ್ನು ಇಲ್ಲದವರಿಗೆ ಕೊಟ್ಟವು.

ಸಂಶಯ ಹುಟ್ಟಿದ್ದು ಆಮೇಲೆ. ಬಿಸಿಎ ಎಂಬ ಮೂರು ವರ್ಷದ ಕೋರ್ಸ್ ಊರಿಗೊಂದಾಯಿತು. ಬಿಸಿಎ ಮುಗಿಸಿದವರು ಎಂಸಿಎಗೆ ಬಂದು ಅದೇ ಸಿ, ಅದೇ ಡೇಟಾ ಸ್ಟ್ರಕ್ಚರ್, ಅದೇ ಡಿಬಿಎಂಎಸ್ ಮತ್ತೊಮ್ಮೆ ಓದತೊಡಗಿದರು. ಕೊನೆಗೆ 2020-21ರಿಂದ ಎಂಸಿಎಯನ್ನು ಮೂರು ವರ್ಷದಿಂದ ಎರಡಕ್ಕೆ ಇಳಿಸಲಾಯಿತು. ಇಲ್ಲೊಂದು ಸ್ವಾರಸ್ಯವಿದೆ. 2019ರಲ್ಲಿ ಮೂರು ವರ್ಷದ ಎಂಸಿಎಗೆ ಸೇರಿದವರೂ 2020ರಲ್ಲಿ ಎರಡು ವರ್ಷದ್ದಕ್ಕೆ ಸೇರಿದವರೂ ಕಾಗದದ ಲೆಕ್ಕದಲ್ಲಿ 2022ರಲ್ಲೇ ಹೊರಬೀಳಬೇಕು. ಹಿರಿಯರೂ ಕಿರಿಯರೂ ಒಂದೇ ವರ್ಷ, ಒಂದೇ ಹೆಸರಿನ ಪದವಿ ಹಿಡಿದು ಕ್ಯಾಂಪಸ್ ಸಂದರ್ಶನದ ಸರದಿಗೆ ಬಂದರು. ಒಂದು ಇಡೀ ವರ್ಷದ ಹೆಚ್ಚುವರಿ ಓದು ಎಲ್ಲಿ ಹೋಯಿತೆಂದು ಯಾವ ಎಚ್‌ಆರ್ ಅಧಿಕಾರಿಯೂ ಹುಡುಕಿದಂತಿಲ್ಲ.

ಸರ್ಕಾರಗಳಿಗೂ ಈ ಸಂಶಯ ಬಿಟ್ಟಿಲ್ಲ. ಐಐಟಿಗಳ ಬಿಟೆಕ್ 1980ರ ದಶಕದ ಆರಂಭದವರೆಗೆ ಐದು ವರ್ಷದ್ದು, ಆಮೇಲೆ ನಾಲ್ಕು. ದೆಹಲಿ ವಿಶ್ವವಿದ್ಯಾಲಯ 2013ರಲ್ಲಿ ಪದವಿಯನ್ನು ಮೂರರಿಂದ ನಾಲ್ಕು ವರ್ಷಕ್ಕೆ ಏರಿಸಿತು, 2014ರಲ್ಲಿ ಇಳಿಸಿತು, 2022ರಲ್ಲಿ ಮತ್ತೆ ಏರಿಸಿತು. ರಾಷ್ಟ್ರೀಯ ಶಿಕ್ಷಣ ನೀತಿಯನ್ನು ದೇಶದಲ್ಲೇ ಮೊದಲು ಜಾರಿ ಮಾಡಿದ ಹೆಗ್ಗಳಿಕೆಯ ಕರ್ನಾಟಕ 2021ರಲ್ಲಿ ನಾಲ್ಕನೆಯ ಆನರ್ಸ್ ವರ್ಷ ತಂದಿತು. ರಾಜ್ಯದ ಶಿಕ್ಷಣ ನೀತಿ ರೂಪಿಸಲು ನೇಮಕಗೊಂಡ ಸುಖದೇವ್ ಥೋರಟ್ ಆಯೋಗದ ಮಧ್ಯಂತರ ವರದಿ ಬಂದ ಮೇಲೆ 2024ರ ಮೇ ತಿಂಗಳಲ್ಲಿ ಅದನ್ನು ಕೈಬಿಟ್ಟು ಮೂರು ವರ್ಷಕ್ಕೇ ಮರಳಿತು. ಈಗಾಗಲೇ ಸೇರಿದ್ದವರಿಗೆ ಬೇಕಿದ್ದರೆ ನಾಲ್ಕನೆಯದನ್ನೂ ಓದಿಕೊಳ್ಳಿ ಎಂದಿತು. ಅಧಿಕ ಮಾಸ ಯಾವ ವರ್ಷ ಬರುತ್ತದೆಂದು ನೂರು ವರ್ಷ ಮುಂಚೆ ಹೇಳಬಹುದು. ಅಧಿಕ ವರ್ಷದ ವಿಷಯದಲ್ಲಿ ಮುಂದಿನ ಚುನಾವಣೆಯ ತನಕ ಮಾತ್ರ ಹೇಳಬಹುದು.

ಪೂರ್ವಪಕ್ಷವನ್ನು ಮಂಡಿಸುವವರು ಅಧಿಕವಾದಿಗಳು. ಅವರ ಆಚಾರ್ಯತ್ರಯದಲ್ಲಿ ಇಬ್ಬರು ಅಮೆರಿಕದ ಅರ್ಥಶಾಸ್ತ್ರಜ್ಞರು, ಮೂರನೆಯವರು ಮೇಲೆ ಹೇಳಿದ ಪಕ್ಕದ ಮನೆಯ ಅಂಕಲ್. ಗ್ಯಾರಿ ಬೆಕರ್ 1964ರಲ್ಲಿ ವಿದ್ಯೆಯೂ ಬಂಡವಾಳವೇ ಎಂದು ಸಾರಿದರು, ಮುಂದೆ ನೊಬೆಲ್ ಪಡೆದರು. ಜೇಕಬ್ ಮಿನ್ಸರ್ 1974ರಲ್ಲಿ ಓದಿದ ವರ್ಷಗಳನ್ನೂ ದುಡಿದ ವರ್ಷಗಳನ್ನೂ ಒಂದು ಸಮೀಕರಣದಲ್ಲಿ ಕಟ್ಟಿ, ಒಂದೊಂದು ವರ್ಷದ ಓದಿಗೂ ಸಂಬಳ ಶೇಕಡಾ ಇಷ್ಟಿಷ್ಟು ಏರುತ್ತದೆಂದು ಲೆಕ್ಕ ಹಾಕುವ ದಾರಿ ತೋರಿಸಿದರು. ಅದನ್ನು ದೇಶ ದೇಶಗಳಲ್ಲಿ ಹಾಕಿ ನೋಡಿದವರು ಜಾಗತಿಕ ಸರಾಸರಿ ವರ್ಷಕ್ಕೆ ಶೇಕಡಾ 9ರ ಆಸುಪಾಸು ಎನ್ನುತ್ತಾರೆ. ಅಂಕಲ್ ಸಮೀಕರಣ ಬಳಸುವುದಿಲ್ಲ. ಓದೋ ವಯಸ್ಸಲ್ಲಿ ಓದಿಬಿಡಬೇಕು ಎನ್ನುತ್ತಾರೆ. ಎರಡೂ ಒಂದೇ ಸಿದ್ಧಾಂತ.

ಇನ್ನು ಉತ್ತರಪಕ್ಷ. ಅದರ ಮೊದಲ ಆಕ್ಷೇಪ ಇಯರ್ ಬ್ಯಾಕ್ ಪ್ರಕರಣದಿಂದ ಬರುತ್ತದೆ. ಇಬ್ಬರು ಐದು ವರ್ಷ ಓದುತ್ತಾರೆ ಎಂದಿಟ್ಟುಕೊಳ್ಳಿ. ಒಬ್ಬ ನಾಲ್ಕು ವರ್ಷ ಬಿಸಿಎ ಆನರ್ಸ್ ಮಾಡಿ, ಐದನೆಯ ವರ್ಷ ಸ್ನಾತಕೋತ್ತರ ಪದವಿ ಮಾಡುತ್ತಾನೆ. ಇನ್ನೊಬ್ಬ ಎಂ-3, ಎಂ-4 ಗಣಿತದಲ್ಲಿ ಕೂತುಹೋಗಿ ನಾಲ್ಕು ವರ್ಷದ ಬಿಇಯನ್ನು ಐದು ವರ್ಷ ಮಾಡುತ್ತಾನೆ. ಮಿನ್ಸರ್ ಸಮೀಕರಣ ವರ್ಷವನ್ನಷ್ಟೇ ಎಣಿಸುವಂತಿದ್ದರೆ ಇಬ್ಬರಿಗೂ ಸಮಫಲ ಬರಬೇಕು. ನಿಜ ಹೇಳಬೇಕೆಂದರೆ ಎರಡನೆಯವನು ಗಣಿತವನ್ನು ಹೆಚ್ಚು ಸಲ ಓದಿದ್ದಾನೆ. ಆದರೆ ಕಂಪನಿಯ ಅರ್ಹತಾ ಪಟ್ಟಿ ಬೇರೆ ಭಾಷೆ ಮಾತಾಡುತ್ತದೆ: ಎಸೆಸೆಲ್ಸಿಯಿಂದ ಶುರುವಾಗಿ ಎಲ್ಲದರಲ್ಲೂ ಶೇ 60, ಬ್ಯಾಕ್‌ಲಾಗ್ ಇರಕೂಡದು, ಒಟ್ಟು ಗ್ಯಾಪ್ ಎರಡು ವರ್ಷ ಮೀರಕೂಡದು. ಬಯಸಿ ಓದಿದ ವರ್ಷಕ್ಕೆ ಆನರ್ಸ್ ಎಂಬ ಬಿರುದು, ಬಯಸದೆ ಓದಿದ ವರ್ಷಕ್ಕೆ ಗ್ಯಾಪ್ ಎಂಬ ಕಳಂಕ.

ಇದರ ಮರ್ಮ ಬಿಡಿಸಿದವರು ಅರ್ಥಶಾಸ್ತ್ರಜ್ಞ ಮೈಕೆಲ್ ಸ್ಪೆನ್ಸ್. 1973ರ ಅವರ ಪ್ರಬಂಧದ ತಿರುಳು ಇಷ್ಟು: ಓದಿನಿಂದ ಕೆಲಸಗಾರನ ಸಾಮರ್ಥ್ಯ ಒಂದಿಷ್ಟೂ ಹೆಚ್ಚದಿದ್ದರೂ ಓದಿಗೆ ಬೆಲೆ ಬರಬಲ್ಲದು, ಯಾಕೆಂದರೆ ಅದು ಯಾರು ಸಮರ್ಥರೆಂದು ಮಾಲೀಕನಿಗೆ ದೂರದಿಂದಲೇ ಸೂಚಿಸುವ ಬಾವುಟ. ಈ ವಿಚಾರಕ್ಕಾಗಿ ಅವರು 2001ರ ನೊಬೆಲನ್ನು ಇನ್ನಿಬ್ಬರ ಜೊತೆ ಹಂಚಿಕೊಂಡರು. ಬಾವುಟ ಹಾರಿಸುವವರು ನಾಲ್ಕೇ ಮಂದಿ ಇದ್ದರೆ ಅದು ಕಾಣುತ್ತದೆ. ಬೀದಿಗೆ ನೂರು ಬಾವುಟ ಹಾರಿದರೆ ಇನ್ನೂ ಎತ್ತರದ ಕಂಬ ಬೇಕಾಗುತ್ತದೆ, ಆ ಕಂಬದ ಹೆಸರು ಎಂಟೆಕ್.

ಕಂಬದ ಬೆಲೆಯೆಷ್ಟು? ಇಲ್ಲಿ ಪ್ರಬಂಧಕಾರರು ಲೇಖನಿ ಕೆಳಗಿಟ್ಟು ಕ್ಯಾಲ್ಕುಲೇಟರ್ ಎತ್ತಿಕೊಂಡರು. ಟಿಸಿಎಸ್ ಕಂಪನಿ ಹೊಸಬರನ್ನು ತೆಗೆದುಕೊಳ್ಳುವ ನಿಂಜಾ ಎಂಬ ಶ್ರೇಣಿಯಲ್ಲಿ ಹಲವು ವರ್ಷ ಕಾಲ ಬಿಇ ಪದವೀಧರರಿಗೆ ವಾರ್ಷಿಕ ಸುಮಾರು 3.36 ಲಕ್ಷ ರೂಪಾಯಿ, ಸ್ನಾತಕೋತ್ತರರಿಗೆ ಸುಮಾರು 3.53 ಲಕ್ಷ ರೂಪಾಯಿ ನಿಗದಿಯಾಗಿತ್ತು. ವ್ಯತ್ಯಾಸ ವರ್ಷಕ್ಕೆ 17 ಸಾವಿರ, ತಿಂಗಳಿಗೆ ಸುಮಾರು 1,400. ಈ 1,400ಕ್ಕಾಗಿ ಎರಡು ವರ್ಷ ಎಂಟೆಕ್ ಓದಿದವರು ಬಿಟ್ಟುಕೊಟ್ಟ ಸಂಬಳ 6.72 ಲಕ್ಷ. ವರ್ಷಕ್ಕೆ 17 ಸಾವಿರದಂತೆ ಅದು ವಾಪಸು ಬರಲು ಮೂವತ್ತೊಂಬತ್ತೂವರೆ ವರ್ಷ ಬೇಕು. ಇಪ್ಪತ್ನಾಲ್ಕಕ್ಕೆ ಕೆಲಸಕ್ಕೆ ಸೇರಿದವರು ಅರವತ್ತಕ್ಕೆ ನಿವೃತ್ತರಾಗಿ, ಪಾರ್ಕಿನ ಕಲ್ಲುಬೆಂಚಿನ ಮೇಲೆ ಇನ್ನೂ ಮೂರೂವರೆ ವರ್ಷ ಕಾದರೆ ಎಂಟೆಕ್ ಸಾಲ ತೀರುತ್ತದೆ. ಗೇಟ್ ಪರೀಕ್ಷೆ ಪಾಸಾಗಿ ತಿಂಗಳಿಗೆ 12,400 ರೂಪಾಯಿ ಸ್ಕಾಲರ್‌ಶಿಪ್ ಪಡೆದವರಿಗೆ ರಿಯಾಯಿತಿಯುಂಟು, ಅವರದು 22 ವರ್ಷದಲ್ಲಿ ಮುಗಿಯುತ್ತದೆ. ಫೀಸು, ಹಾಸ್ಟೆಲ್ಲು, ಬಡ್ಡಿ ಸೇರಿಸಿಲ್ಲ. ಈ ಲೆಕ್ಕ ಅನ್ಯಾಯದ್ದೆಂದು ಎಂಟೆಕ್ ಮಾಡಿದವರು ಗದ್ದಲವೆಬ್ಬಿಸಬಹುದು. ಒಳ್ಳೆಯ ಸಂಸ್ಥೆಯಿಂದ ಬಂದ ಎಂಟೆಕ್ ನಿಂಜಾ ಬಾಗಿಲಲ್ಲಿ ನಿಲ್ಲುವುದೇ ಇಲ್ಲ, ಚಿಪ್ ವಿನ್ಯಾಸದ ಕಂಪನಿಗೋ ಸಂಶೋಧನಾ ವಿಭಾಗಕ್ಕೋ ಹೋಗುತ್ತಾರೆ ಎಂಬುದು ಅವರ ವಾದ. ವಾದ ಸರಿಯಾಗಿಯೇ ಇದೆ. ಅಂಥವರಿಗೆ ಈ ಪ್ರಬಂಧ ಓದುವ ಅಗತ್ಯವೂ ಇರುವುದಿಲ್ಲ.

ಇನ್ನು ಅಧಿಕ ವರ್ಷದ ವಿದೇಶಿ ವಿನಿಮಯ ದರ. ಅಮೆರಿಕದ ಪದವಿ ನಾಲ್ಕು ವರ್ಷದ್ದು. ನಮ್ಮ ಬಿಸಿಎ, ಬಿಎಸ್‌ಸಿ ಮೂರು ವರ್ಷದವು. ಹತ್ತು, ಎರಡು, ಮೂರು ಕೂಡಿ ಹದಿನೈದು. ಅಲ್ಲಿನ ಬಹಳಷ್ಟು ವಿಶ್ವವಿದ್ಯಾಲಯಗಳಿಗೆ ಹದಿನಾರು ಬೇಕು. ಈ ಒಂದು ವರ್ಷದ ಕೊರತೆಗಾಗಿ ಎಷ್ಟೋ ಮಂದಿ ಜಯನಗರದಲ್ಲಿ ಎರಡು ವರ್ಷದ ಎಂಎಸ್‌ಸಿ ಮಾಡಿ, ಆಮೇಲೆ ಟೆಕ್ಸಾಸಿನಲ್ಲಿ ಇನ್ನೆರಡು ವರ್ಷ ಎಂಎಸ್ ಮಾಡಿದ್ದಾರೆ. ಎಚ್-1ಬಿ ವೀಸಾದ ನಿಯಮಾವಳಿಯಲ್ಲಿ ಇದಕ್ಕೆ ಅಧಿಕೃತ ದರವೇ ಇದೆ. ಕಾಲೇಜಿನಲ್ಲಿ ಓದದೆ ಬಿಟ್ಟ ಒಂದು ವರ್ಷಕ್ಕೆ ಕೆಲಸದ ಅನುಭವದ ಮೂರು ವರ್ಷ ಸಮ. ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಮೂರು ವರ್ಷ ಕೋಡ್ ಬರೆದು, ರಾತ್ರಿ ಹನ್ನೊಂದಕ್ಕೆ ಕ್ಲೈಂಟ್ ಕಾಲ್ ಹಿಡಿದು, ಸಿಲ್ಕ್ ಬೋರ್ಡ್ ದಾಟಿದವನ ಒಟ್ಟು ತಪಸ್ಸು, ಕಾಲೇಜು ಕ್ಯಾಂಟೀನಿನಲ್ಲಿ ಕಳೆದ ಒಂದು ವರ್ಷಕ್ಕೆ ಸಮಾನವೆಂದು ಅಮೆರಿಕ ಸರ್ಕಾರ ತೀರ್ಮಾನಿಸಿದೆ. ಅಧಿಕವಾದಿಗಳಿಗೆ ಇದಕ್ಕಿಂತ ಬಲವಾದ ಪ್ರಮಾಣವಾಕ್ಯ ಸಿಗಲಾರದು.

ಅಲ್ಲಿಗೇ ಹೋಗಿ ಎಂಎಸ್ ಓದಿದವರ ದರ ಇನ್ನೂ ವಿಚಿತ್ರ. 2016ರ ನಿಯಮದಂತೆ ವಿಜ್ಞಾನ ತಂತ್ರಜ್ಞಾನ ಓದಿದವರಿಗೆ 12 ತಿಂಗಳು, ಅದರ ಮೇಲೆ 24 ತಿಂಗಳು ಕೆಲಸ ಮಾಡುವ ಅನುಮತಿ. ವರ್ಷಕ್ಕೆ 65,000 ಎಚ್-1ಬಿ ಮಿತಿಯ ಜೊತೆಗೆ ಅಲ್ಲಿನ ಸ್ನಾತಕೋತ್ತರರಿಗೆಂದು ಪ್ರತ್ಯೇಕ 20,000. ಹಾಗಾಗಿ ಶಿವಮೊಗ್ಗ, ದಾವಣಗೆರೆಗಳಿಂದ ಸಾಲ ಮಾಡಿ ಹೋದವರು ಕೊಂಡದ್ದು ಆಲ್ಗರಿದಮ್ ಜ್ಞಾನವನ್ನಷ್ಟೇ ಅಲ್ಲ, ಮೂರು ವರ್ಷದ ಕೆಲಸದ ಪರವಾನಗಿಯನ್ನೂ ಒಂದು ಹೆಚ್ಚುವರಿ ಅವಕಾಶವನ್ನೂ. 2025ರ ಸೆಪ್ಟೆಂಬರಿನಲ್ಲಿ ಹೊಸ ಎಚ್-1ಬಿ ಅರ್ಜಿಗಳಿಗೆ 1 ಲಕ್ಷ ಡಾಲರ್ ಶುಲ್ಕದ ಘೋಷಣೆ ಬಂದಾಗ ಗೊತ್ತಾಯಿತು, ಈ ಅಧಿಕ ವರ್ಷದ ಬೆಲೆ ನಿಂತಿರುವುದು ಪಾಠದ ಮೇಲಲ್ಲ, ವಾಷಿಂಗ್ಟನ್ನಿನ ಒಂದು ಸಹಿಯ ಮೇಲೆ.

ವಿಧಾನಸೌಧದ ದರ ಕೇಳಿದರೆ ಅಧಿಕವಾದಿಗಳು ಮೌನ ತಾಳುತ್ತಾರೆ. ಪ್ರಥಮ ದರ್ಜೆ ಸಹಾಯಕರ ಹುದ್ದೆಗೆ ಯಾವುದಾದರೊಂದು ಪದವಿ ಸಾಕು. ಆನರ್ಸ್ ಮಾಡಿದ್ದೀರೋ ಇಲ್ಲವೋ ಅರ್ಜಿ ಕೇಳುವುದಿಲ್ಲ. ವಯಸ್ಸನ್ನು ಮಾತ್ರ ತಪ್ಪದೆ ಕೇಳುತ್ತದೆ. ಕಾಲೇಜು ಅಧ್ಯಾಪಕರಾಗುವವರ ಸಂಗತಿ ಬೇರೆ. ಶೇ 55 ಅಂಕದ ಸ್ನಾತಕೋತ್ತರ ಪದವಿ, ಅದರ ಮೇಲೆ ನೆಟ್ ಅಥವಾ ಕೆಸೆಟ್. ಅಲ್ಲಿ ಅಧಿಕ ವರ್ಷ ಅಲಂಕಾರವಲ್ಲ, ಹೊಸ್ತಿಲು. ಪಾಲಿಟೆಕ್ನಿಕ್ ದಾರಿಯದು ಇನ್ನೊಂದು ತಮಾಷೆ. ಎಸೆಸೆಲ್ಸಿ ನಂತರ ಪಿಯುಸಿ ಎರಡು, ಬಿಇ ನಾಲ್ಕು, ಒಟ್ಟು ಆರು. ಡಿಪ್ಲೊಮಾ ಮೂರು, ಲ್ಯಾಟರಲ್ ಎಂಟ್ರಿಯಲ್ಲಿ ಬಿಇ ಮೂರು, ಒಟ್ಟು ಅದೇ ಆರು. ಡಿಪ್ಲೊಮಾದವರು ಹದಿನಾರನೆಯ ವಯಸ್ಸಿಗೇ ಪ್ರೋಗ್ರಾಂ ಬರೆದಿರುತ್ತಾರೆ, ಆದರೂ ಮದುವೆ ಮಾತುಕತೆಯಲ್ಲಿ ಪಿಯುಸಿ ಎಷ್ಟು ಪರ್ಸೆಂಟು ಎಂದೇ ಕೇಳುತ್ತಾರೆ.

ಉತ್ತರಪಕ್ಷ ಇಷ್ಟಕ್ಕೆ ನಿಲ್ಲುವುದಿಲ್ಲ. ಅದರ ಬ್ರಹ್ಮಾಸ್ತ್ರ ಕ್ಯಾಲೆಂಡರು. ನ್ಯಾಯಶಾಸ್ತ್ರದ ಹಳೆಯ ಸಾಕ್ಷಿಗಳಾದ ದೇವದತ್ತ, ಯಜ್ಞದತ್ತರನ್ನೇ ಕರೆಯೋಣ. ಇಬ್ಬರೂ 2021ರಲ್ಲಿ ಬಿಸಿಎ ಮುಗಿಸಿದರು. ದೇವದತ್ತ ಸಿಕ್ಕ ಕೆಲಸಕ್ಕೆ ಸೇರಿಕೊಂಡ. ಯಜ್ಞದತ್ತ ಹೊಸ ಎರಡು ವರ್ಷದ ಎಂಸಿಎಗೆ ಹೋದ. ದೇವದತ್ತ ಸೇರಿದ 2021-22ರಲ್ಲಿ ಇನ್ಫೋಸಿಸ್ ಒಂದೇ ಸುಮಾರು 85,000 ಹೊಸಬರನ್ನು ತೆಗೆದುಕೊಂಡಿತು. ಕೋವಿಡ್ ಕಾಲದಲ್ಲಿ ಎಲ್ಲ ದೇಶಗಳ ಅಂಗಡಿ, ಬ್ಯಾಂಕುಗಳು ಆನ್‌ಲೈನಿಗೆ ನುಗ್ಗಿದ್ದ ಸುಗ್ಗಿಯದು. ಯಜ್ಞದತ್ತ ಡಿಸ್ಟಿಂಕ್ಷನ್ ಸಹಿತ ಹೊರಬಂದ 2023-24ರಲ್ಲಿ ಅದೇ ಕಂಪನಿ ತೆಗೆದುಕೊಂಡದ್ದು 11,900 ಮಂದಿಯನ್ನು. ಅದರ ಒಟ್ಟು ನೌಕರರ ಸಂಖ್ಯೆ ಆ ವರ್ಷ ಸುಮಾರು 26,000 ಇಳಿಯಿತು. ಯಜ್ಞದತ್ತನ ಜ್ಞಾನ ಎರಡು ವರ್ಷದಷ್ಟು ಹೆಚ್ಚಿತ್ತು, ಬಾಗಿಲು ಏಳರಲ್ಲಿ ಒಂದು ಪಾಲಿಗೆ ಕಿರಿದಾಗಿತ್ತು. 2023ರಲ್ಲಿ ಪಂಚಾಂಗದಲ್ಲೂ ಅಧಿಕ ಶ್ರಾವಣ ಬಂದಿತ್ತು. ಇದು ಕಾಕತಾಳೀಯವೆಂದೇ ಪ್ರಬಂಧಕಾರರ ಅಭಿಪ್ರಾಯ, ಆದರೆ ಎಚ್‌ಆರ್ ವಿಭಾಗಗಳು ಶುಭಕಾರ್ಯ ನಿಲ್ಲಿಸಿದ್ದಂತೂ ಹೌದು.

ಇದು ಬರೀ ಬೆಂಗಳೂರಿನ ಗೋಳಲ್ಲ. ಅರ್ಥಶಾಸ್ತ್ರಜ್ಞೆ ಲೀಸಾ ಕಾನ್ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 1980ರ ದಶಕದ ಹಿಂಜರಿತದಲ್ಲಿ ಪದವಿ ಪಡೆದ ಅಮೆರಿಕದ ಯುವಕರ ಸಂಬಳದ ಕೊರತೆ ಹದಿನೈದು ವರ್ಷ ಕಳೆದರೂ ಪೂರ್ತಿ ಅಳಿದಿರಲಿಲ್ಲ. ಓದಿದ್ದೆಷ್ಟು ಎಂಬುದಷ್ಟೇ ಅಲ್ಲ, ಹೊರಬಂದದ್ದು ಯಾವಾಗ ಎಂಬುದೂ ಜಾತಕದ ಮೇಲೆ ಬರೆದುಹೋಗುತ್ತದೆ. ಹಾಗೆಂದು ಕೆಟ್ಟ ಕಾಲದಲ್ಲಿ ಓದು ಮುಂದುವರಿಸಿ ಒಳ್ಳೆಯ ಕಾಲಕ್ಕೆ ಹೊರಬರುವುದು ಉಪಾಯವೇ? ಉಪಾಯವೇ ಸರಿ, ಒಳ್ಳೆಯ ಕಾಲ ಬರುವ ದಿನವನ್ನು ಹೇಳಬಲ್ಲ ಜ್ಯೋತಿಷಿ ಸಿಕ್ಕರೆ. ಕಾಯುವುದಕ್ಕೂ ಬೆಲೆಯಿದೆ. 2022ರಲ್ಲಿ ಆಫರ್ ಪಡೆದು ಎರಡು ವರ್ಷಕ್ಕೂ ಮಿಕ್ಕಿ ಕಾದು, 2024ರ ಅಕ್ಟೋಬರಿನಲ್ಲಿ ಮೈಸೂರಿನ ಇನ್ಫೋಸಿಸ್ ಕ್ಯಾಂಪಸ್ಸಿಗೆ ಬಂದ ತರಬೇತಿ ಅಭ್ಯರ್ಥಿಗಳಲ್ಲಿ 300ಕ್ಕೂ ಹೆಚ್ಚು ಮಂದಿ, ಒಳಪರೀಕ್ಷೆಯಲ್ಲಿ ಮೂರು ಸಲವೂ ತೇರ್ಗಡೆಯಾಗದೆ 2025ರ ಫೆಬ್ರುವರಿಯಲ್ಲಿ ಹೊರಬೀಳಬೇಕಾಯಿತು. ನಾಲ್ಕು ವರ್ಷ ಓದು, ಎರಡು ವರ್ಷ ಕಾಯುವಿಕೆ, ನಾಲ್ಕು ತಿಂಗಳ ತರಬೇತಿ. ಈ ನಡುವಿನ ಎರಡು ವರ್ಷ ಯಾವ ವಿಶ್ವವಿದ್ಯಾಲಯದ ಅಂಕಪಟ್ಟಿಯಲ್ಲೂ ಬರುವುದಿಲ್ಲ.

ಇದಕ್ಕೆ ವಿರುದ್ಧವಾದ ನಿದರ್ಶನ ವೈಟುಕೆ ಕಾಲದ್ದು. 1990ರ ದಶಕದ ಕೊನೆಯಲ್ಲಿ, ಹಳೆಯ ಪ್ರೋಗ್ರಾಂಗಳು ವರ್ಷವನ್ನು ಎರಡೇ ಅಂಕಿಯಲ್ಲಿ ಬರೆದಿಟ್ಟ ತಪ್ಪಿಗಾಗಿ, ಕೆಲವೇ ತಿಂಗಳ ಕೋಬಾಲ್ ಕಲಿತವರು ವಿಮಾನ ಹತ್ತಿದರು. ಸಿವಿಲ್, ಮೆಕ್ಯಾನಿಕಲ್ ಓದಿದವರೂ ಆ ಗುಂಪಿನಲ್ಲಿದ್ದರು. ಕಂಪ್ಯೂಟರ್ ವಿದ್ಯೆಯ ಇತಿಹಾಸದಲ್ಲಿ ಕನಿಷ್ಠ ಓದಿಗೆ ಗರಿಷ್ಠ ಫಲ ಸಿಕ್ಕ ಪರ್ವಕಾಲ ಅದು, ಕೆಲವೇ ವರ್ಷದಲ್ಲಿ ಮುಗಿದೂಹೋಯಿತು.

ಹಾಗಾದರೆ ಯಾವ ಅಧಿಕ ವರ್ಷವೂ ಫಲ ಕೊಡುವುದಿಲ್ಲವೇ? ಕೊಟ್ಟವುಗಳನ್ನು ಒಂದೆಡೆ ಇಟ್ಟು ನೋಡಿದರೆ ಒಂದು ಸಾಮಾನ್ಯ ಲಕ್ಷಣ ಕಾಣುತ್ತದೆ: ಅವುಗಳಲ್ಲಿ ಓದಿನ ಜೊತೆ ದುಡಿಮೆಯಿತ್ತು. ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯ 1957ರಲ್ಲಿ ಹುಟ್ಟಿದಾಗಿನಿಂದಲೂ ಒಂದಷ್ಟು ಕಾಲ ಕ್ಲಾಸು, ಒಂದಷ್ಟು ಕಾಲ ಕಂಪನಿಯಲ್ಲಿ ಸಂಬಳದ ಕೆಲಸ ಎಂಬ ಪದ್ಧತಿ ನಡೆಸುತ್ತಿದೆ. ಬ್ರಿಟನ್ನಿನ ಹಲವು ಕಂಪ್ಯೂಟರ್ ಪದವಿಗಳಲ್ಲಿ ಎರಡನೆಯ ವರ್ಷಕ್ಕೂ ಕೊನೆಯ ವರ್ಷಕ್ಕೂ ನಡುವೆ ಇಡೀ ಒಂದು ವರ್ಷ ಉದ್ಯೋಗದಲ್ಲಿ ಕಳೆಯುವ ಅವಕಾಶವಿದೆ. ಬಿಟ್ಸ್ ಪಿಲಾನಿಯ ಪ್ರಾಕ್ಟೀಸ್ ಸ್ಕೂಲ್, ಎನ್‌ಐಐಟಿಯ ಜಿಎನ್‌ಐಐಟಿಯಲ್ಲಿದ್ದ ಕೆಲಸದ ವರ್ಷ, ಬಿಸಿಎ ಮುಗಿಸಿದವರನ್ನು ಸೇರಿಸಿಕೊಂಡು ತನ್ನ ಖರ್ಚಿನಲ್ಲೇ ಎಂಟೆಕ್ ಓದಿಸುವ ವಿಪ್ರೊ ಯೋಜನೆ, ಎಲ್ಲದರದೂ ಒಂದೇ ಗುಟ್ಟು. ಅಲ್ಲಿ ಬಿಟ್ಟುಕೊಟ್ಟ ಸಂಬಳವೆಂಬ ಕಾಲಂ ಖಾಲಿಯಿರುತ್ತದೆ. ನಿಂಜಾ ಲೆಕ್ಕದ ಮೂವತ್ತೊಂಬತ್ತೂವರೆ ವರ್ಷದ ಶಾಪ ತಗಲುವುದಿಲ್ಲ.

ಈಗ ನಿರ್ಣಯ. ಬಿಕಾಂ, ಬಿಎಸ್‌ಸಿ ಓದಿ ಕಂಪ್ಯೂಟರಿಗೆ ಬರುವವರಿಗೆ ಎಂಸಿಎ ವಿಹಿತ. ಅಧ್ಯಾಪಕರಾಗುವವರಿಗೆ ಸ್ನಾತಕೋತ್ತರ ಪದವಿ ನಿತ್ಯಕರ್ಮ, ತಪ್ಪಿಸುವಂತಿಲ್ಲ. ಸಂಬಳದ ಇಂಟರ್ನ್‌ಶಿಪ್ ಉಳ್ಳ ಅಧಿಕ ವರ್ಷ ಪ್ರಶಸ್ತ. ಹದಿನಾರರ ಲೆಕ್ಕ ತುಂಬಲು ಓದುವ ನಾಲ್ಕನೆಯ ವರ್ಷ ಕಾಮ್ಯಕರ್ಮ. ವಿಮಾನ ಹತ್ತುವ ಇಚ್ಛೆಯಿದ್ದವರಿಗೆ ಮಾತ್ರ, ವೀಸಾ ನಿಯಮ ಅಂದಿಗೂ ಹಾಗೇ ಇದ್ದರೆ ಮಾತ್ರ. ಬಿಸಿಎಯಲ್ಲಿ ಓದಿದ್ದನ್ನೇ ಇನ್ನೊಮ್ಮೆ ಓದಿಸಿ, ಪ್ರಾಜೆಕ್ಟನ್ನು ಹಿಂದಿನ ಬ್ಯಾಚಿನಿಂದ ಇಳಿಸಿಕೊಳ್ಳಲು ಬಿಡುವ ಅಧಿಕ ವರ್ಷ ನಿಷಿದ್ಧ. ಕೆಲಸ ಸಿಗಲಿಲ್ಲವೆಂದು ನೆಂಟರ ಬಾಯಿ ಮುಚ್ಚಿಸಲು ಓದುವ ವರ್ಷಕ್ಕೆ ಶಾಸ್ತ್ರದಲ್ಲಿ ವಿಧಿಯೂ ಇಲ್ಲ, ನಿಷೇಧವೂ ಇಲ್ಲ, ಅದು ಲೋಕರೂಢಿ.

ಒಂದು ಕೋರಿಕೆ ಉಳಿದಿದೆ. ಕರ್ನಾಟಕದಲ್ಲಿ 2023ರಲ್ಲಿ ಬಿಸಿಎಗೆ ಸೇರಿ ನಾಲ್ಕನೆಯ ಆನರ್ಸ್ ವರ್ಷವನ್ನೂ ಓದುವವರು, 2024ರಲ್ಲಿ ಸೇರಿ ಮೂರೇ ವರ್ಷ ಓದುವವರು, ಎರಡೂ ತಂಡ 2027ರಲ್ಲಿ ಒಂದೇ ಮಾರುಕಟ್ಟೆಗೆ ಇಳಿಯಬೇಕು. ಒಂದೇ ರಾಜ್ಯ, ಒಂದೇ ಪದವಿ, ಒಂದೇ ವರ್ಷ, ವ್ಯತ್ಯಾಸ ಬರೀ ಆ ಅಧಿಕ ವರ್ಷದ್ದು. ಇಂಥ ಪ್ರಯೋಗವನ್ನು ಸ್ಪೆನ್ಸ್, ಮಿನ್ಸರ್ ಬಯಸಿದರೂ ಮಾಡಿಸಲಾಗುತ್ತಿರಲಿಲ್ಲ. ಎರಡು ಸರ್ಕಾರಗಳು ಸೇರಿ ಬಿಟ್ಟಿಯಾಗಿ ಮಾಡಿಕೊಟ್ಟಿವೆ. ಕಾಲೇಜುಗಳ ಪ್ಲೇಸ್‌ಮೆಂಟ್ ಅಧಿಕಾರಿಗಳು ಆ ವರ್ಷ ದಯವಿಟ್ಟು ಎರಡೂ ತಂಡಗಳ ಹೆಸರನ್ನು ಒಂದೇ ಪಟ್ಟಿಯಲ್ಲಿ ಕಲಸದೆ, ಕೆಲಸ ಸಿಕ್ಕವರೆಷ್ಟು, ಸಂಬಳವೆಷ್ಟು ಎಂಬುದನ್ನು ಬೇರೆ ಬೇರೆ ಕಾಲಂಗಳಲ್ಲಿ ಬರೆದು ನೋಟಿಸ್ ಬೋರ್ಡಿಗೆ ಹಚ್ಚಬೇಕು.